ಮೊದಲೇ ಬಂದ ಪೆಟ್ಟು

"ಗುರುಗಳೇ, ಹಳೇ ಲ್ಯಾಪ್‌ಟಾಪಿಗೇ ಒಂದಿಷ್ಟು ಹೊಸ ಸಾಮಾನು ಹಾಕಿಸ್ಲೋ, ಇಲ್ಲಾ ಹೊಸಾದೇ ತಗೊಳ್ಲೋ?"

ಕೇಳಿದವನು ಚನ್ನವೀರ. ರಾಚಯ್ಯ ಗುರುಗಳ ಸಂಗೀತಶಾಲೆಯಲ್ಲಿ ತಬಲಾ ಕಲಿತವನು. ಈಗಲೂ ದಿನವೂ ಬೆಳಿಗ್ಗೆ ಅಲ್ಲಿಗೆ ಬಂದು ಗುರುಗಳ ಹಾಡಿಗೆ ಸಾಥ್ ಕೊಡುತ್ತಿದ್ದ. ಉಳಿದ ಹೊತ್ತು ಮನೆಯ ಕೋಣೆಯಲ್ಲಿ ಕೂತು, ದೂರದೂರದ ಗಾಯಕರು ಕಳಿಸಿದ ಹಾಡುಗಳಿಗೆ ತಬಲಾ ನುಡಿಸಿ, ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ ವಾಪಸು ಕಳಿಸುತ್ತಿದ್ದ. ಅದೇ ಅವನ ಹೊಟ್ಟೆಪಾಡು. ಬರುವ ಹುಣ್ಣಿಮೆಗೆ ಶಾಲೆಯ ವಾರ್ಷಿಕ ಸಂಗೀತ ಸೇವೆ ಇತ್ತು. ಆ ದಿನ ಗುರುಗಳ ಪಕ್ಕದಲ್ಲಿ ತಬಲಾಕ್ಕೆ ಕೂರುವುದು ಶಿಷ್ಯನಾದವನಿಗೆ ದೊಡ್ಡ ಮಾತು. ಪ್ರತಿ ವರ್ಷವೂ ಆ ಜಾಗ ಚನ್ನವೀರನದೇ. ಈ ವರ್ಷ ಗುರುಗಳು ಯಾರ ಹೆಸರನ್ನೂ ಇನ್ನೂ ಹೇಳಿರಲಿಲ್ಲ. ಮರೆತಿರಬೇಕು ಎಂದು ಚನ್ನವೀರ ತಿಳಿದುಕೊಂಡಿದ್ದ.

ಗುರುಗಳು ತಂಬೂರಿಗೆ ಗವಸು ಹಾಕುತ್ತಿದ್ದರು. "ಏನಾಗೇತಿ ಅದಕ್ಕ?" ಎಂದು ಕೇಳಿದರು.

"ಶುರು ಆಗಾಕ ಭಾಳ ಹೊತ್ತು ಹಿಡಿತೈತ್ರಿ. ಫ್ಯಾನು ಹಿಟ್ಟಿನ ಗಿರಣಿ ಹಂಗ ಸದ್ದು ಮಾಡ್ತೈತಿ. ಹೊಡದ ಪೆಟ್ಟು ಹೆಡ್‌ಫೋನಿನಾಗ ತಡಾ ಆಗಿ ಕೇಳ್ತೈತಿ. ಕೆಲಸದ ನಡುವ ಒಮ್ಮೊಮ್ಮೆ ನಿಂತ ಬಿಡ್ತೈತಿ. ಹೆಂಗೋ ರೂಢಿ ಆಗೇತ್ರಿ, ನಡಸ್ಕೊಂಡು ಹೊಂಟೀನಿ. ಆದ್ರ ಎಷ್ಟು ದಿನ ಅಂತ?"

ಗುರುಗಳು ಗವಸಿನ ದಾರ ಕಟ್ಟಿ ಮುಗಿಸಿದರು. ಉಳಿದ ಶಿಷ್ಯರು ಏಳಲು ಹೊರಟಿದ್ದವರು ಅಲ್ಲೇ ಕೂತರು. ಗುರುಗಳು ಗೋಡೆಗೆ ಒರಗಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಯಕನಿದ್ದ. ಅವನಿಗೆ ಒಬ್ಬ ತಬಲಾದವನಿದ್ದ. ಗಾಯಕ ಸುತ್ತಿ ಬಳಸಿ ಹಾಡುವವನು. ಎಲ್ಲೆಲ್ಲೋ ತಿರುಗಾಡಿ, ಇನ್ನೇನು ದಾರಿ ತಪ್ಪಿದ ಎಂದು ಕೇಳುವವರು ಅಂದುಕೊಳ್ಳುವಷ್ಟರಲ್ಲಿ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ನೆಟ್ಟಗೆ ಬಂದು ಇಳಿಯುವವನು. ಅವನು ಇಳಿಯುವ ಗಳಿಗೆಗೇ ತಬಲಾದವನ ಪೆಟ್ಟೂ ಬೀಳುತ್ತಿತ್ತು. ಸಭೆಯ ತಲೆಗಳೆಲ್ಲ ಒಟ್ಟಿಗೆ ತೂಗುತ್ತಿದ್ದವು. ಇಷ್ಟಾಗಿಯೂ ಆ ಇಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಿಕೊಂಡವರಲ್ಲ. ಆಡಿಕೊಳ್ಳುವ ಪ್ರಸಂಗ ಬಂದಿರಲಿಲ್ಲ.

ಬರಬರುತ್ತ ಸಂಗೀತ ಕಛೇರಿಗಳು ಕಡಿಮೆಯಾದವು. ಜನ ಫೋನಿನಲ್ಲಿ ಹಾಡು ಕೇಳತೊಡಗಿದರು. ಇಬ್ಬರೂ ಸೇರಿ, ಹಾಡು ರೆಕಾರ್ಡ್ ಮಾಡಲು, ಒಂದು ಲ್ಯಾಪ್‌ಟಾಪ್ ತಂದು ಕೋಣೆಯೊಂದರಲ್ಲಿ ಇಟ್ಟರು. ಒಟ್ಟಿಗೆ ಕೂತರೆ ಹಾಡಿನ ಮೈಕಿನಲ್ಲಿ ತಬಲಾದ ಸದ್ದೂ ಸೇರಿಕೊಳ್ಳುತ್ತಿತ್ತು. ಆದ್ದರಿಂದ ಗಾಯಕ ಬೆಳಿಗ್ಗೆ ಬಂದು ಹಾಡಿ ಹೋಗುವುದು, ತಬಲಾದವನು ಮಧ್ಯಾಹ್ನ ಬಂದು ಹೆಡ್‌ಫೋನ್ ಹಾಕಿಕೊಂಡು ಆ ಹಾಡಿಗೆ ನುಡಿಸುವುದು ಎಂದು ಮಾಡಿಕೊಂಡರು. ಕೆಲಸ ಚೊಕ್ಕಟವಾಯಿತು. ಒಬ್ಬರ ಮುಖ ಒಬ್ಬರು ನೋಡುವುದು ಅಪರೂಪವಾಯಿತು.

ಲ್ಯಾಪ್‌ಟಾಪಿಗೂ ವಯಸ್ಸಾಯಿತು. ಹಾಡಿನ ನಡುವೆ ಚರಚರ ಸದ್ದು ಬರತೊಡಗಿತು. ತಿಳಿದವರೊಬ್ಬರು ಬಂದು ಸೆಟ್ಟಿಂಗ್ ಬದಲಿಸಿಕೊಟ್ಟರು. ಚರಚರ ಹೋಯಿತು. ಆದರೆ ತಬಲಾದವನು ಹೊಡೆದ ಪೆಟ್ಟು ಅವನ ಕಿವಿಗೆ ತಡವಾಗಿ ತಲುಪತೊಡಗಿತು. ತಡವೆಂದರೆ ಕಣ್ಣು ಮಿಟುಕಿಸುವಷ್ಟೂ ಇಲ್ಲ. ಉಳಿದವರಿಗೆ ಅದು ಲೆಕ್ಕಕ್ಕೇ ಇಲ್ಲ, ತಬಲಾದವನಿಗೆ ಅಷ್ಟು ಸಾಕು. ಮೊದಲ ದಿನ ಅವನು ಹೆಡ್‌ಫೋನ್ ಕಿತ್ತು ಎಸೆದು ಮನೆಗೆ ಹೋದ. ಮರುದಿನ ಹೊಟ್ಟೆ ಅವನನ್ನು ವಾಪಸು ಕರೆತಂದಿತು.

ಕೈಗೆ ಯಾರೂ ಹೇಳಿಕೊಡಲಿಲ್ಲ, ಅದೇ ಉಪಾಯ ಹುಡುಕಿಕೊಂಡಿತು. ಪೆಟ್ಟನ್ನು ಚೂರು ಮೊದಲೇ ಹೊಡೆದರೆ ಹೆಡ್‌ಫೋನಿನಲ್ಲಿ ಅದು ಸರಿಯಾದ ಹೊತ್ತಿಗೆ ಕೇಳುತ್ತಿತ್ತು. ರೆಕಾರ್ಡಿನಲ್ಲೂ ಸರಿಯಾಗಿ ಕೂರುತ್ತಿತ್ತು. ತಬಲಾದವನಿಗೆ ಖುಷಿಯಾಯಿತು. ಯಂತ್ರವನ್ನು ಹೇಗೆ ಪಳಗಿಸಿದೆ ನೋಡು ಎಂದುಕೊಂಡ. ಕೆಲವು ದಿನ ಬೇಕೆಂದೇ ಮೊದಲು ಹೊಡೆದ. ಆಮೇಲೆ ಹಾಗೆ ಹೊಡೆಯುತ್ತಿದ್ದೇನೆ ಎನ್ನುವುದೂ ಮರೆತುಹೋಯಿತು.

ವರ್ಷಗಳು ಕಳೆದವು. ಲ್ಯಾಪ್‌ಟಾಪ್ ನಡುನಡುವೆ ನಿಲ್ಲತೊಡಗಿತು. ಹೊಸದು ತರೋಣ ಎಂದ ಗಾಯಕ. ಇದರಲ್ಲಿ ಇನ್ನೂ ಜೀವ ಇದೆ, ರ‍್ಯಾಮ್ ಜಾಸ್ತಿ ಹಾಕಿಸಿ ಡಿಸ್ಕ್ ಬದಲಿಸಿದರೆ ಸಾಕು ಎಂದ ತಬಲಾದವನು. ಇಬ್ಬರೂ ಇಂಟರ್‌ನೆಟ್ಟಿನಲ್ಲಿ ಓದಿ ಪಂಡಿತರಾದರು. ದಿನಗಟ್ಟಲೆ ವಾದ ಮಾಡಿದರು. ಒಂದು ರಾಗದ ಬಗ್ಗೆ ಅವರು ಅಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಕೊನೆಗೆ ತಬಲಾದವನ ಮಾತೇ ನಡೆಯಿತು. ಅಂಗಡಿಯವನು ರ‍್ಯಾಮ್ ಹಾಕಿದ, ಡಿಸ್ಕ್ ಬದಲಿಸಿದ, ಫ್ಯಾನಿನ ಧೂಳು ಊದಿದ, ಸೆಟ್ಟಿಂಗನ್ನೂ ಮೊದಲಿನಂತೆ ಮಾಡಿಕೊಟ್ಟ. ಲ್ಯಾಪ್‌ಟಾಪ್ ಚುರುಕಾಯಿತು. ಪೆಟ್ಟು ಹೊಡೆದ ತಕ್ಷಣ ಕಿವಿಗೆ ಬರತೊಡಗಿತು. ಆದರೆ ರೆಕಾರ್ಡ್ ಮಾಡಿ ಕೇಳಿದರೆ ತಬಲಾ ಹಾಡಿಗಿಂತ ಮುಂದೆ ಓಡುತ್ತಿತ್ತು.

ರಿಪೇರಿಯಲ್ಲಿ ಏನೋ ಎಡವಟ್ಟಾಗಿದೆ ಎಂದ ತಬಲಾದವನು. ನಾನು ಮೊದಲೇ ಹೇಳಿದ್ದೆ ಎಂದ ಗಾಯಕ. ಹಳೆಯದನ್ನು ಅಟ್ಟಕ್ಕೆ ಹಾಕಿ ಹೊಸದನ್ನು ತಂದರು. ಮಡಿ ಬಟ್ಟೆ ಮುಟ್ಟುವಂತೆ ಅದನ್ನು ಮುಟ್ಟಿ ರೆಕಾರ್ಡ್ ಮಾಡಿದರು. ಅದರಲ್ಲೂ ತಬಲಾ ಅಷ್ಟೇ ಮುಂದೆ ಓಡಿತು.

ಈಗ ದೂರಲು ಇನ್ನೊಂದು ಯಂತ್ರ ಉಳಿದಿರಲಿಲ್ಲ. ತಪ್ಪು ಎಲ್ಲಿದೆ ಎಂದು ಅಲ್ಲೇ ಅವರಿಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಏಕೆಂದರೆ ಗಾಯಕನ ಕಣ್ಣು ತೆರೆಯ ಮೇಲೆ ಬಿತ್ತು. ರೆಕಾರ್ಡ್ ಆದ ಸದ್ದು ಅಲ್ಲಿ ಗೆರೆಯಾಗಿ ಮೂಡಿತ್ತು. ಹಾಡಿನ ಗೆರೆ ಮೇಲೆ, ತಬಲಾದ ಗೆರೆ ಕೆಳಗೆ. ಕೆಳಗಿನ ಪ್ರತಿ ಪೆಟ್ಟೂ ಒಂದೇ ಅಂತರದಲ್ಲಿ ಮುಂದೆ ಬಿದ್ದಿತ್ತು. ಅವನು ಬೆರಳಿನಿಂದ ತಬಲಾದ ಗೆರೆಯನ್ನು ಚೂರು ಹಿಂದಕ್ಕೆ ಎಳೆದ. ಎಲ್ಲ ಸರಿಹೋಯಿತು. ಹಾಡು ಹೊರಗೆ ಹೋಯಿತು. ಕೇಳಿದವರು ಮೆಚ್ಚಿದರು. ಅಂದಿನಿಂದ ತಬಲಾದವನು ನುಡಿಸುವುದು, ಗಾಯಕ ಹಿಂದಕ್ಕೆ ಎಳೆಯುವುದು ರೂಢಿಯಾಯಿತು. ಇಷ್ಟು ಸಣ್ಣ ವಿಷಯವನ್ನು ಹೇಳಿ ಗೆಳೆಯನ ಮನಸ್ಸು ಏಕೆ ನೋಯಿಸಲಿ ಎಂದು ಗಾಯಕ ಬಾಯಿ ಬಿಡಲಿಲ್ಲ. ಹೊಸ ಲ್ಯಾಪ್‌ಟಾಪ್ ಹೊಂದಿಕೊಂಡಿತು ಎಂದು ತಬಲಾದವನು ತಿಳಿದ.

ಹೀಗಿರುವಾಗ ಬಹಳ ಕಾಲದ ಮೇಲೆ ಅವರಿಗೊಂದು ಕಛೇರಿ ಬಂತು. ಹಾಡು ಬಲ್ಲವರ ಊರು, ತುಂಬಿದ ಸಭೆ. ಗಾಯಕ ಕಣ್ಣು ಮುಚ್ಚಿ ಹಾಡಿದ. ಮೊದಲಿನಂತೆಯೇ ಸುತ್ತಿ ಬಳಸಿ ಸಮ್‌ಗೆ ಬಂದು ಇಳಿದ. ಪೆಟ್ಟು ಆಗಲೇ ಬಿದ್ದಾಗಿತ್ತು. ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಉಂಡು ಎದ್ದವನಂತೆ ತಬಲಾ ಮುಂದಿನ ಆವರ್ತನದಲ್ಲಿತ್ತು. ಎರಡನೆಯ ಸಲವೂ ಹಾಗೆಯೇ ಆಯಿತು. ಗಾಯಕ ಕಣ್ಣು ತೆರೆದು ನೋಡಿದ. ಸಭೆಯಲ್ಲಿ ಕೆಲವರ ತಲೆ ತಬಲಾದ ಜೊತೆ ತೂಗುತ್ತಿತ್ತು, ಕೆಲವರದು ಹಾಡಿನ ಜೊತೆ. ಕೆಲವರು ತಲೆ ತೂಗುವುದನ್ನೇ ನಿಲ್ಲಿಸಿ ನೆಲ ನೋಡುತ್ತಿದ್ದರು. ಗಾಯಕನಿಗೆ ನಾಚಿಕೆಯಾಯಿತು. ಒಂದು ಚಿಕ್ಕ ಭಜನೆ ಹೇಳಿ, ಕಛೇರಿಯನ್ನು ಅರ್ಧಕ್ಕೇ ಮುಗಿಸಿದ.

ಕೋಣೆಗೆ ಬಂದ ಮೇಲೆ ತಬಲಾದವನು ಹೇಳಿದ. "ನಿನಗ ವಯಸ್ಸಾತು. ಹಾಡು ಎಳೀತಿ. ಎಷ್ಟಂತ ನಿನ್ನ ದಾರಿ ಕಾಯ್ಲಿ?"

"ಕಾಯೋದು ಎಲ್ಲಿ ಬಂತು? ನಿನಗ ಮನೀಗೆ ಹೋಗೋ ಅವಸರ" ಎಂದ ಗಾಯಕ. ಕೋಪದಲ್ಲಿ ಉಳಿದದ್ದೂ ಹೊರಗೆ ಬಂತು. "ಇಷ್ಟು ದಿನ ನೀ ನುಡಿಸಿದ್ದನ್ನ ನಾ ಹಿಂದಕ್ಕ ಎಳದು ಎಳದು ಕೂಡಿಸೀನಿ."

ತಬಲಾದವನ ಮುಖ ಕಪ್ಪಿಟ್ಟಿತು. ಅವನು ಅಟ್ಟ ಹತ್ತಿ ಹಳೆಯ ಲ್ಯಾಪ್‌ಟಾಪನ್ನು ಇಳಿಸಿದ. ಸೆಟ್ಟಿಂಗನ್ನು ತಾನು ವರ್ಷಗಟ್ಟಲೆ ನುಡಿಸುವಾಗ ಇದ್ದ ಹಾಗೆಯೇ ಮಾಡಿದ. ಹೆಡ್‌ಫೋನ್ ಹಾಕಿಕೊಂಡು ಗಾಯಕನ ಹಳೆಯದೊಂದು ಹಾಡಿಗೆ ನುಡಿಸಿ ರೆಕಾರ್ಡ್ ಮಾಡಿದ. ಕೇಳಿಸಿದ. ಪ್ರತಿ ಪೆಟ್ಟೂ ಹಾಡಿನ ಮೇಲೆ ಸರಿಯಾಗಿ ಬಿದ್ದಿತ್ತು. ಒಂದನ್ನೂ ಎಳೆಯಬೇಕಾಗಿರಲಿಲ್ಲ.

"ಕೇಳಿದ್ಯಾ? ನನ್ನ ಕೈ ಸರಿ ಐತಿ. ಇದೊಂದೇ ಮಷೀನು ಖರೇ ಹೇಳತೈತಿ" ಎಂದ.

ಗಾಯಕ ಆ ಲ್ಯಾಪ್‌ಟಾಪನ್ನು ನೋಡಿದ. ಅವನ ಸಿಟ್ಟು ಇಳಿದಿತ್ತು. "ಹಂಗಾದ್ರ ಕಛೇರಿಗೆ ಇದನ್ನ ಹೊತ್ಕೊಂಡು ಬರ್ತೀಯೇನು?" ಎಂದು ಮೆಲ್ಲಗೆ ಕೇಳಿದ.

ತಬಲಾದವನು ಹೆಡ್‌ಫೋನ್ ತೆಗೆದ. ಹೆಡ್‌ಫೋನ್ ಇಲ್ಲದೆ, ಗಾಯಕನ ಎದುರಿಗೆ ಕೂತು, ತಾಳ ಹಾಕು ಎಂದ. ಗಾಯಕ ಅಂಗೈ ತಟ್ಟಿದ. ತಬಲಾದವನು ಬರೀ ಠೇಕಾ, ಅಂದರೆ ತಾಳದ ಮೂಲ ಪೆಟ್ಟುಗಳನ್ನಷ್ಟೇ, ನುಡಿಸಿದ. ಅಂಗೈಗಿಂತ ಮೊದಲು ತನ್ನ ಪೆಟ್ಟು ಬೀಳುವುದು ಅವತ್ತು ಅವನಿಗೆ ಕೇಳಿಸಿತು. ಇಷ್ಟು ವರ್ಷ ತಾನು ಪಳಗಿಸಿದೆ ಎಂದುಕೊಂಡದ್ದು ತನ್ನನ್ನೇ ಪಳಗಿಸಿತ್ತು. ಅವನು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಅತ್ತ. ಗಾಯಕ ತಟ್ಟುವುದನ್ನು ನಿಲ್ಲಿಸಲಿಲ್ಲ.

ಇಲ್ಲಿಗೆ ಗುರುಗಳು ಹೇಳುವುದನ್ನು ನಿಲ್ಲಿಸಿದರು. ಶಿಷ್ಯರಲ್ಲಿ ಒಬ್ಬ ಕೆಮ್ಮಿದ. ಕತೆ ಮುಗಿಯಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

"ಆಮ್ಯಾಲ ಅವನ ಕೈ ಸರಿ ಆತೇನ್ರಿ?" ಚನ್ನವೀರ ಕೇಳಿದ.

"ಆತು. ಕೆಡಾಕ ಎಷ್ಟು ದಿನ ಹಿಡದಿತ್ತೋ ಅದಕ್ಕಿಂತ ಹೆಚ್ಚು ದಿನ ಹಿಡೀತು. ದಿನಾ ಎದುರಾಬದುರು ಕೂತು ಠೇಕಾ, ಬರೇ ಠೇಕಾ. ಬ್ಯಾರೆ ಏನೂ ಇಲ್ಲ."

ಚನ್ನವೀರ ತಲೆಯಾಡಿಸಿದ. ಕತೆ ಚೆನ್ನಾಗಿತ್ತು ಎನ್ನುವುದು ಅವನ ಮುಖದಲ್ಲೇ ಕಾಣುತ್ತಿತ್ತು. ಆದರೆ ಅವನ ಪ್ರಶ್ನೆ ಹಾಗೇ ಉಳಿದಿತ್ತು. "ಹಂಗಾದ್ರ ನನ್ನ ಲ್ಯಾಪ್‌ಟಾಪಿಗೆ ಏನು ಮಾಡ್ಲಿ ಗುರುಗಳೇ?" ಎಂದ.

ಗುರುಗಳು ನಕ್ಕರು. "ಅದೇನು ದೊಡ್ಡ ಮಾತಲ್ಲೋ. ಅಂಗಡಿಗೆ ಒಯ್ದು ಬಿಚ್ಚಿಸಿ ನೋಡು. ರ‍್ಯಾಮು, ಡಿಸ್ಕು ಹಾಕಿದ್ರ ಸುಧಾರಿಸ್ತೈತಿ ಅಂದ್ರ ಹಾಕ್ಸು. ಸುಧಾರಿಸೂದಿಲ್ಲ ಅಂದ್ರ ಹೊಸಾದು ತಗೋ. ನಾಳೆ ಸಂಜೀ ಅನ್ನೂದ್ರಾಗ ಮುಗಿಯೋ ಕೆಲಸ."

ಚನ್ನವೀರನಿಗೆ ಸಮಾಧಾನವಾಯಿತು. ಅವನು ಎದ್ದು ತಬಲಾವನ್ನು ಚೀಲಕ್ಕೆ ಹಾಕಿದ. ಗುರುಗಳಿಗೆ ನಮಸ್ಕರಿಸಲು ಬಾಗಿದ. ಹುಣ್ಣಿಮೆಯ ಸೇವೆಯ ಮಾತು ಈಗಲಾದರೂ ಬರಬಹುದು ಎಂದು, ಬಾಗಿದಲ್ಲೇ ಒಂದು ಗಳಿಗೆ ನಿಂತ.

ಗುರುಗಳು ಅವನ ತಲೆಯ ಮೇಲೆ ಕೈ ಇಟ್ಟರು.

"ಇವತ್ತು ಮುಂಜಾನೆ ಪಾಠದಾಗ, ಚನ್ನವೀರ, ನೀನೂ ನನಗಿಂತ ಮೊದಲೇ ಸಮ್‌ಗೆ ಬಂದಿ."