ಕುಂಡೆಕುಸ್ಕ ಬಾಲ ಕುಣಿಸಲು ಕಲಿತದ್ದು

ನಿಜ್ವಾ ಕೋಟೆಯ ಕೆಳಗೆ, ಕಾಲುವೆಯ ಅಂಚಿನಲ್ಲಿ ಆ ಪುಟ್ಟ ಹಕ್ಕಿಯನ್ನು ಕಂಡು ನೀನು ಕೇಳಿದೆಯಲ್ಲ ಮುಕ್ತಾ, "ಕಾಕಾ, ಇದು ನಮ್ಮ ಧಾರವಾಡದ ಕುಂಡೆಕುಸ್ಕ ಅಲ್ಲೇನು? ಒಮಾನಿಗೂ ಬಂದೈತಲ್ಲ! ಯಾಕ ಹಿಂಗ ಬಾಲ ಕುಣಸ್ತೈತಿ?" ಅಂತ. ಸರಿಯಾದವನನ್ನೇ ಕೇಳಿದೆ. ಅದು ನಡೆದಾಗ ನಾನು ಅಲ್ಲೇ ಇದ್ದೆ.

ಆಗ ಲೋಕ ಹೊಸದು. ಸಮುದ್ರಕ್ಕೆ ಇನ್ನೂ ಉಪ್ಪು ಹಾಕಿರಲಿಲ್ಲ. ಆ ಕೆಲಸ ನನ್ನ ಪಾಲಿಗೆ ಆಮೇಲೆ ಬಂತು. ಕೋಟೆಯ ದುಂಡು ಬುರುಜಿನ ಗಾರೆ ಇನ್ನೂ ಹಸಿ. ಕಟ್ಟಿದವರು ಯಾರೆಂದು ಮಾತ್ರ ಕೇಳಬೇಡ, ನನಗೆ ಸಂಕೋಚವಾಗುತ್ತದೆ.

ಉತ್ತರದ ಹಿಮದಿಂದ ತಪ್ಪಿಸಿಕೊಂಡು ಕುಂಡೆಕುಸ್ಕ ಬಂದಳು. ಆಗ ಅವಳ ಬಾಲ ಕಡ್ಡಿಯಂತೆ ನೆಟ್ಟಗಿತ್ತು. ಗಾಳಿ ಹೇಳಿತು, "ಮುಂದೆ ಬರೀ ಮರಳು, ತಾಯಿ. ನೀರಿರೋದು ಇಲ್ಲೇ. ಬುರುಜಜ್ಜನನ್ನ ಕೇಳು."

ಅವಳು ಕೇಳಿದಳು. "ಅಜ್ಜಾ, ಚಳಿಗಾಲ ಕಳೆಯೋತನಕ ನಿನ್ನ ಕಾಲುವೆ ಹತ್ತಿರ ಇರಲೇನು?"

"ನನ್ನ ಖರ್ಜೂರ ತಿಂದು, ನನ್ನ ಕಾಫಿ ಕುಡಿದವರು ನನ್ನವರು," ಎಂದಿತು ಬುರುಜು. "ಬಾಯಿ ತೆಗೆದು ಬೇಡ ಅಂದವರಿಗೆ ಬಾಗಿಲು ಆ ಕಡೆ."

"ಎಷ್ಟಾದರೂ ಕುಡೀತೀನಿ," ಎಂದಳು ಕುಂಡೆಕುಸ್ಕ.

ಹಿತ್ತಾಳೆಯ ಹೂಜಿ ಪುಟ್ಟ ಬಟ್ಟಲಿಗೆ ಕಾಫಿ ಸುರಿಯಿತು. ಕುಡಿದಳು. ಮತ್ತೆ ಸುರಿಯಿತು. ಮತ್ತೆ ಕುಡಿದಳು. ಬಟ್ಟಲು ಖಾಲಿಯಾದರೆ ಹೂಜಿ ಬಗ್ಗುತ್ತಿತ್ತು, ಹೂಜಿ ಬಗ್ಗಿದರೆ ಅವಳು ಕುಡಿಯುತ್ತಿದ್ದಳು. ಹೊಟ್ಟೆ ಧಾರವಾಡ ಪೇಢೆಯಂತೆ ಉಬ್ಬಿತು.

ಗೋಡೆಯ ಮೇಲಿದ್ದ ಬೆಳವ ಹಕ್ಕಿ ಕುಲುಕುಲು ನಕ್ಕಿತು. "ಏ ಪರದೇಶಿ, ಇನ್ನೊಂದು ಹನಿ ಬಿದ್ದರೆ ಒಡೆದು ಹೋಗ್ತೀ! ಸುಮ್ಮನೆ ಮನೆಗೆ ಹೋಗು."

"ಮನೆ ಮೇಲೆ ಹಿಮ ಬಿದ್ದೈತಿ. ನಾನು ಹೋಗೋದಿಲ್ಲ," ಎಂದಳು ಕುಂಡೆಕುಸ್ಕ. ಮತ್ತೆ ಕುಡಿದಳು.

ನನಗೆ ಉಪಾಯ ಗೊತ್ತಿತ್ತು. ಆದರೆ ನನ್ನ ಬಾಯಿ ತುಂಬ ಖರ್ಜೂರ.

ಕುಡಿಯುತ್ತಲೇ ಅವಳು ಕಣ್ಣು ಬಿಟ್ಟು ನೋಡುತ್ತಿದ್ದಳು. ಹೂಜಿ ಬೆಳವನ ಹತ್ತಿರವೂ ಹೋಯಿತು. ಬೆಳವ ಒಂದು ಬಟ್ಟಲು ಕುಡಿದು, ಖಾಲಿ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿತು. ಒಂದು ಮಾತೂ ಆಡಲಿಲ್ಲ. ಹೂಜಿ ಮುಂದೆ ಹೋಯಿತು!

"ಓಹೋ, ಇಲ್ಲಿ ಸಾಕು ಅನ್ನೋದು ಹೀಗೇನು!" ಎಂದುಕೊಂಡಳು. ಆದರೆ ಅಲ್ಲಾಡಿಸುವುದು ಹೇಗೆ? ಎರಡು ರೆಕ್ಕೆಯೂ ಹೊಟ್ಟೆ ಹಿಡಿದುಕೊಳ್ಳುವುದಕ್ಕೇ ಸಾಲದಾಗಿದ್ದವು. ಕೊಕ್ಕಿನಲ್ಲಿ ಖರ್ಜೂರದ ಬೀಜ. ಹೂಜಿ ಅವಳ ಕಡೆಗೇ ಮತ್ತೆ ಬರುತ್ತಿತ್ತು.

ಅವಳು ಬಟ್ಟಲನ್ನು ಬಾಲದ ಮೇಲೆ ಇಟ್ಟುಕೊಂಡಳು. ಹಲ್ಲು ಕಚ್ಚಿ (ಆಗ ಹಕ್ಕಿಗಳಿಗೆ ಹಲ್ಲಿತ್ತು, ನಾನೇ ಎಣಿಸಿದ್ದೇನೆ) ಕಡ್ಡಿಯಂಥ ಬಾಲವನ್ನು ಅಲ್ಲಾಡಿಸಿದಳು. ಅಲುಗಲಿಲ್ಲ. ಮತ್ತೆ ಅಲ್ಲಾಡಿಸಿದಳು. ಲಟಕ್ ಎಂದಿತು. ಆಮೇಲೆ ನೋಡು, ಕುಣಿಯಿತೋ ಕುಣಿಯಿತು!

ಹೂಜಿ ನಿಂತಿತು. ಬುರುಜಜ್ಜ ಗಾರೆ ಉದುರುವಂತೆ ನಕ್ಕ. "ನಮ್ಮ ರೀತಿ ನೋಡಿ ಕಲಿತೆಯಲ್ಲ ಮಗಳೇ. ಇನ್ನು ಕಾಲುವೆ ನಿನ್ನದು. ಪ್ರತಿ ವರ್ಷ ಬಾ."

ಬೆಳವ ಸರಿದು ಜಾಗ ಬಿಟ್ಟುಕೊಟ್ಟಿತು.

ಅಂದಿನಿಂದ ಅವಳು ಪ್ರತಿ ಚಳಿಗಾಲ ಬರುತ್ತಾಳೆ. ಆದರೆ ಬೆನ್ನ ಹಿಂದೆ ಎಲ್ಲಾದರೂ ಆ ಹೂಜಿ ನಿಂತಿದೆಯೋ ಎಂಬ ಭಯ ಇನ್ನೂ ಹೋಗಿಲ್ಲ. ಅದಕ್ಕೇ ಮುಕ್ತಾ, ನಿಜ್ವಾದ ಕಾಲುವೆಯಾಗಲಿ ಧಾರವಾಡದ ಕೆರೆಯಾಗಲಿ, ಕುಂಡೆಕುಸ್ಕ ನೆಲಕ್ಕೆ ಕಾಲಿಟ್ಟ ಕೂಡಲೇ, ಯಾರೂ ಏನೂ ಸುರಿಯದಿದ್ದರೂ, ಮೊದಲು ಬಾಲ ಅಲ್ಲಾಡಿಸಿಬಿಡುತ್ತಾಳೆ.