ಮಂಚದ ಬಳಿ ಬಂದ ಪರದೇಶ

ಒಂದಾನೊಂದು ಊರಿನಲ್ಲಿ, ಊರು ಅಂದರೆ ಹೆಂಗಸರು ಅರ್ಧ ನಿದ್ದೆಯಲ್ಲೇ ರೊಟ್ಟಿ ಬಡಿಯುತ್ತಿದ್ದ ಊರು, ಒಬ್ಬ ರಾಜನಿದ್ದ. ಅವನಿಗೆ ಕನಸೇ ಬೀಳುತ್ತಿರಲಿಲ್ಲ. ಅದಕ್ಕೇ ಅವನು ಪ್ರಜೆಗಳಿಗೆಲ್ಲ ಆರೋಗ್ಯ ವಿಮೆ ಮಾಡಿಸಿದ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ಸ್ವಲ್ಪ ತಡೀರಿ.

ವಿಮೆಯ ಕಂತು, ವರ್ಷಕ್ಕೊಂದು ಒಳ್ಳೆಯ ಕನಸು. ಕೊಟ್ಟವರಿಗೆ ಕಾಯಿಲೆ ಬಂದರೆ ಪರದೇಶದಲ್ಲಿ ಚಿಕಿತ್ಸೆ, ಪೂರಾ ಅರಮನೆಯ ಖರ್ಚು. ಸ್ವದೇಶದಲ್ಲಾದರೆ ಒಂದು ಚೂರು ಶುಂಠಿಯೂ ಇಲ್ಲ. ಗಡಿ ದಾಟದ ಮದ್ದಿಗೆ ಬುದ್ಧಿ ಬಲಿತಿರುವುದಿಲ್ಲ ಅನ್ನುವುದು ರಾಜನ ನಂಬಿಕೆ. ರಾಜರ ನಂಬಿಕೆಗೆ ಔಷಧಿ ಎಲ್ಲಿದೆ?

ಅದೇ ಊರಲ್ಲಿ ಹಳೆ ಸೀರೆ ಜೋಡಿಸಿ ಕೌದಿ ಹೊಲಿಯುವ ನೀಲವ್ವ ಇದ್ದಳು, ಅವಳ ಗಂಡ ಫಕೀರಪ್ಪ ಇದ್ದ. ನೀಲವ್ವ ಕಂತು ತಪ್ಪಿಸಿದವಳಲ್ಲ. ಕೊಟ್ಟಳು, ಕೊಟ್ಟಳು, ಒಳಗಿದ್ದ ಕನಸೆಲ್ಲ ಕೊಟ್ಟಳು. ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸುತ್ತಿದ್ದವಳು ಹಾಗೇ ಮೇಲಕ್ಕೆ ತೇಲಿ ಜಂತಿಗೆ ಅಂಟಿಕೊಂಡಳು. ಅಷ್ಟು ಹಗುರಾಗಿದ್ದಳು. ಜಂತಿಯ ಪಕ್ಕದಲ್ಲಿ ಬೆಳಕಿಂಡಿ. ಬೆಳಕಿಂಡಿಯ ಆಚೆ ಬರೀ ಆಕಾಶ.

ಫಕೀರಪ್ಪ ಅವಳ ಸೆರಗನ್ನು ಮಂಚದ ಕಾಲಿಗೆ ಕಟ್ಟಿದ. ಸೆರಗು ಹಳೆಯದು. ಒಂದೊಂದೇ ನೂಲು ಬಿಚ್ಚುತ್ತಿತ್ತು.

"ಪರದೇಶಕ್ಕ ಕರ್ಕೊಂಡು ಹೋಗು," ಅಂದ ವೈದ್ಯ ಅಡಿವೆಪ್ಪ, ಹೊಸ್ತಿಲಲ್ಲಿ ನಿಂತು.

"ಹೊರಗ ಕಾಲಿಟ್ರ ಆಕಿ ಮುಗಿಲಿಗೆ ಹೋಗ್ತಾಳ. ನೀವ ಮದ್ದು ಕೊಡ್ರಿ."

"ನಾ ಸ್ವದೇಶದಾಂವ. ನನ್ನ ಕೈಲಿ ಆಗೂದಿಲ್ಲ."

ರೋಗಿ ಪರದೇಶಕ್ಕೆ ಹೋಗುವಂತಿಲ್ಲ. ಹಾಗಾದರೆ ಪರದೇಶವೇ ರೋಗಿಯ ಹತ್ತಿರ ಬರಬೇಕಲ್ಲವೇ? ಫಕೀರಪ್ಪ ಗಡಿಕಲ್ಲಿನ ಹತ್ತಿರ ಓಡಿದ.

"ಕಲ್ಲಪ್ಪಾ, ನಮ್ಮ ಮನಿತನಕ ಬರ್ತೀಯೇನು?"

ಕಲ್ಲು ಅಳುವ ದನಿಯಲ್ಲಿ ಹೇಳಿತು: "ವರ್ಷಕ್ಕೊಮ್ಮೆ ಸುಣ್ಣ ಹಚ್ತೀರಿ, ಕಾಯಿ ಒಡೀತೀರಿ, ಹೊಂಟ ಹೋಗ್ತೀರಿ. ನನ್ನ ದಾಟಿ ಬಂದವರಿಗೆಲ್ಲಾ ಬೆಲ್ಲ ನೀರು ಕೊಡ್ತೀರಿ. ನನಗ ಒಬ್ಬರರೇ, ಬಾ, ಒಳಗ ಕೂಡು, ಅಂದೀರೇನು?"

"ಬಾ ಯಪ್ಪಾ, ಒಳಗ ಕೂಡು," ಅಂದ ಫಕೀರಪ್ಪ.

ಕಲ್ಲು ಉರುಳಿಕೊಂಡು ಬಂತು. ಒಲೆಗೂ ಮಂಚಕ್ಕೂ ನಡುವೆ ಕೂತು ಬೆಲ್ಲ ತಿಂದಿತು, ನೀರು ಕುಡಿಯಿತು. ಕಲ್ಲಿನ ಈಚೆ ಒಲೆ, ಸ್ವದೇಶ. ಆಚೆ ಮಂಚ, ಜಂತಿ, ನೀಲವ್ವ, ಪರದೇಶ.

ಅಡಿವೆಪ್ಪ ಪಂಚೆ ಎತ್ತಿಕೊಂಡು ಕಲ್ಲು ದಾಟಿದ. ದಾಟಿದ್ದೇ ತಡ, ಪರದೇಶದ ವೈದ್ಯನಾದ. ಗಂಟಲು ಸರಿಮಾಡಿಕೊಂಡು ಹೇಳಿದ: "ಈಕೀ ಒಳಗ ಒಂದೂ ಕನಸಿಲ್ಲ. ತೂಕ ಎಲ್ಲಿಂದ ಬರಬೇಕು? ಈಕೀ ಕನಸು ಈಕಿಗೆ ವಾಪಸ್ ಹಾಕ್ರಿ. ಇದ ಮದ್ದು."

ಸುದ್ದಿ ಕೇಳಿ ರಾಜನೇ ಬಂದ. ಕಲ್ಲು ನೋಡಿದ, ಮಂಚ ನೋಡಿದ. ಗಡಿಯೂ ಸರಿ, ವೈದ್ಯನೂ ಸರಿ, ಮದ್ದೂ ಸರಿ.

"ಆದರೆ ಆ ಕನಸು ಹೊದ್ದುಕೊಂಡೇ ನಾನು ಮಲಗೋದು," ಅಂದ. ಅವನ ಕಣ್ಣು ಕೆಂಪಾಗಿತ್ತು, ಪಾಪ.

ಅಷ್ಟರಲ್ಲಿ ಸೆರಗಿನ ಕೊನೆಯ ನೂಲು ಪಟ್ಟೆಂದಿತು. ನೀಲವ್ವನ ತಲೆ ಬೆಳಕಿಂಡಿಯಿಂದ ಹೊರಗೆ ಹೋಯಿತು. ಫಕೀರಪ್ಪ ಮಂಚ ಹತ್ತಿ ಅವಳ ಕಾಲು ಹಿಡಿದುಕೊಂಡ. "ನೀಲಾ, ಹೋಗಬ್ಯಾಡ. ನೀ ಇಲ್ಲದ ನಾ ಹ್ಯಾಂಗ ಇರಲಿ?" ಅಂದ. ಅವನ ಕಾಲೂ ಮಂಚ ಬಿಟ್ಟು ಮೇಲೆದ್ದಿತು.

ಮೇಲಿನಿಂದ ನೀಲವ್ವ ಕೂಗಿದಳು: "ರಾಜಪ್ಪಾ, ನನ್ನ ಕನಸು ಕೊಡು. ನಿನಗೊಂದು ಕೌದಿ ಹಾಸ್ತೀನಿ!"

ರಾಜ ಅರಮನೆಯಿಂದ ಅವಳ ಕನಸು ತುಂಬಿಟ್ಟ ಮಡಕೆ ತರಿಸಿ ಮುಚ್ಚಳ ತೆಗೆದ. ಕನಸುಗಳು ಸಾಲಾಗಿ ಎದ್ದು, ಬೆಳಕಿಂಡಿಯ ತನಕ ತೇಲಿ, ನೀಲವ್ವನ ಕಿವಿಯೊಳಗೆ ಇಳಿದವು. ಅವಳು ಮೆಲ್ಲಗೆ, ಬಹಳ ಮೆಲ್ಲಗೆ, ಗಂಡನ ಸಮೇತ ಮಂಚಕ್ಕೆ ಬಂದಳು. ಅವಳು ಹಾಸಿದ ಕೌದಿ ಮೇಲೆ ರಾಜ ಅಲ್ಲೇ ಮಲಗಿದ. ಅವನಿಗೆ ತನ್ನದೇ ಒಂದು ಕನಸು ಬಿತ್ತು. ಸಣ್ಣದು, ಬದನೆಕಾಯಿಯದು. ಎದ್ದವನು ಖುಷಿಯಿಂದ ಅತ್ತುಬಿಟ್ಟ.

ಗಡಿಕಲ್ಲು ಮಾತ್ರ ಇನ್ನೂ ನಿದ್ದೆಯಲ್ಲಿತ್ತು. ಬೆಲ್ಲ ತಿಂದು ಮಲಗಿದ ಅತಿಥಿಯನ್ನು ಎಬ್ಬಿಸಿ ಕಳಿಸುವುದು ಆ ಊರಿನ ಪದ್ಧತಿಯಲ್ಲ. ಹಾಗಾಗಿ ಮಂಚ ಇವತ್ತಿಗೂ ಪರದೇಶದಲ್ಲೇ ಇದೆ. ಫಕೀರಪ್ಪ ದಿನಾ ಸಂಜೆ ಒಲೆಯ ಮುಂದಿನಿಂದ ಎದ್ದು ಗಡಿಯಲ್ಲಿ ನಿಲ್ಲುತ್ತಾನೆ.

"ಬರಲೇನು?"

"ಬರ್ರಿ, ಒಳಗ ಕೂಡ್ರಿ," ಅನ್ನುತ್ತಾಳೆ ನೀಲವ್ವ, ಬೆಲ್ಲ ನೀರು ಮುಂದಿಟ್ಟು.

ಸ್ವಂತ ಮನೆಯಲ್ಲಿ ಅವನಿಗೆ ಅಲ್ಲಿಯವರೆಗೆ ಯಾರೂ ಹಾಗೆ ಅಂದಿರಲಿಲ್ಲ.

ಆದ್ದರಿಂದ, ವಿಮೆ ಮಾಡಿಸುವ ಮುಂಚೆ ನಿಮ್ಮ ಮಂಚ ಯಾವ ದೇಶದಲ್ಲಿದೆ ನೋಡಿಕೊಳ್ಳಿ. ಕತೆ ಹೋಗಿ ಜಂತಿ ಸೇರಿತು, ನೀವು ಹೋಗಿ ಕೌದಿ ಸೇರಿ.