ಹಿಂದೆ ಸರಿದ ತೋಳು

ವೃದ್ಧಾಶ್ರಮದ ಆ ಪ್ರಸಂಗ ಕೇಳಿ ಎಲ್ಲರೂ ನಗುತ್ತಾರೆ. ನರ್ಸ್ ಫಿಲೋಮಿನಾ ಮಾತ್ರ ನಗುವುದಿಲ್ಲ.

ಮ್ಯಾನೇಜರ್ ಅಂದು ಅವಳಿಗೆ ಅಪ್ಪಣೆ ಕೊಡಿಸಿದರು: "ಇನ್ಮೇಲೆ ಇನ್ಸುಲಿನ್ನೂ ಆಯಾ ಚೆನ್ನಾಜಮ್ಮನೇ ಚುಚ್ಚಲಿ. ನೀವು ಆಫೀಸು ನೋಡ್ಕೊಳ್ಳಿ."

ಚೆನ್ನಾಜಮ್ಮ ತರಬೇತಿ ಪಡೆದದ್ದು ಮಾತ್ರೆ ಕೊಡುವುದಕ್ಕಷ್ಟೇ. ಕಲಿಸದೆ ಸೂಜಿ ಒಪ್ಪಿಸುವಂತಿಲ್ಲ. ನಿಯಮ ಹೇಳಿದರೆ ಮ್ಯಾನೇಜರ್ ಕಿವಿಗೆ ಹಾಕಿಕೊಳ್ಳುವವರಲ್ಲ.

"ಆಗಲಿ ಸಾರ್. ನೀವೂ ಇನ್ಸುಲಿನ್ ತಗೊಳ್ತೀರಲ್ಲ, ನಿಮ್ಮಿಂದಲೇ ಶುರುವಾಗಲಿ. ಚೆನ್ನಾಜಮ್ಮಾ, ಬನ್ನಿ!"

ಚೆನ್ನಾಜಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಮ್ಯಾನೇಜರ್ ತೋಳು ಸರಕ್ಕನೆ ಬೆನ್ನ ಹಿಂದೆ ಹೋಯಿತು.

"ಅಯ್ಯೋ, ಬೇಡ! ಸೂಜಿ ನಿಮ್ಮ ಹತ್ರಾನೇ ಇರಲಿ, ಸಿಸ್ಟರ್!"

ಗೆದ್ದ ಖುಷಿಯಲ್ಲಿ ಫಿಲೋಮಿನಾ ತಿರುಗಿ ನೋಡಿದಳು. ಚೆನ್ನಾಜಮ್ಮ ಮಾತ್ರೆಗಳ ತಟ್ಟೆಯನ್ನೂ ತಂದು ಅವಳ ಮುಂದಿಟ್ಟಳು.

"ಇದನ್ನೂ ನೀವೇ ಕೊಡಿ ಸಿಸ್ಟರ್. ನನ್ನ ಕೈ ಕಂಡ್ರೆ ಜನ ಹೆದರ್ತಾರೆ."